ಕೋವಿಯ ನಳಿಗೆ ಅಳೆಯುವ ಕೋಲು: ತಯಾರಿ, ಬಳಕೆ, ಲೆಕ್ಕ ತಪ್ಪುವ ಜಾಗಗಳು

ಕೋವಿಯ ನಳಿಗೆ ಅಳೆಯಲು ಟೇಪು ಹಿಡಿದವರಲ್ಲಿ ಹೆಚ್ಚಿನವರು ಹೊರಗೆ ಕಾಣುವ ಕಬ್ಬಿಣವನ್ನು ಅಳೆದು ಮುಗಿಸುತ್ತಾರೆ. ನಳಿಗೆಯ ಉದ್ದ ಅದಲ್ಲ. ಬ್ರೀಚ್ (ನಳಿಗೆಯ ಹಿಂಬಾಯಿ) ಪೂರ್ತಿ ಮುಚ್ಚಿ ಬೀಗ ಬಿದ್ದಿರುವಾಗ ತೋಟಾದ ಬೆನ್ನು ಒರಗುವ ಮುಖ ಒಂದಿದೆಯಲ್ಲ, ಅಲ್ಲಿಂದ ಮೂತಿಯ ಅಂಚಿನವರೆಗಿನ ದೂರವೇ ನಳಿಗೆಯ ಉದ್ದ. ತೋಟಾ ಕೂರುವ ಚೇಂಬರ್ ಕೂಡ ಅದರಲ್ಲಿ ಸೇರಿದ್ದು. ಆ ಮುಖ ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಮೂತಿಯಿಂದ ಕೋಲು ಇಳಿಸಿ ಒಳಗಿನಿಂದಲೇ ಅಳೆಯಬೇಕು. ಕೋಲು ಸರಿಯಾಗಿದ್ದರೆ ಅರ್ಧ ಮಿಲಿಮೀಟರಿನ ಒಳಗೆ ಉತ್ತರ ಸಿಗುತ್ತದೆ. ಕೋಲು ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಟೇಪು ಇದ್ದರೂ ಪ್ರಯೋಜನವಿಲ್ಲ.

ಈ ದೂರಕ್ಕೆ ಕಾನೂನಿನಲ್ಲೂ ಬೆಲೆಯಿದೆ. ನಮ್ಮ ಆಯುಧ ನಿಯಮಗಳ ಪಟ್ಟಿಯಲ್ಲಿ, ಒಳಗೆ ಗೀರಿಲ್ಲದ ನುಣುಪು ನಳಿಗೆ 20 ಇಂಚಿಗಿಂತ, ಅಂದರೆ 508 ಮಿ.ಮೀ.ಗಿಂತ ಗಿಡ್ಡವಿದ್ದರೆ ಆ ಕೋವಿ ನಿರ್ಬಂಧಿತ ವರ್ಗಕ್ಕೆ ಹೋಗುತ್ತದೆ. 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಅದಕ್ಕೆಂದೇ ಪಡೆದ ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದೇ ಅಪರಾಧ. ಕತ್ತರಿಸಿದ ಮೇಲೂ 20 ಇಂಚಿಗಿಂತ ಹೆಚ್ಚು ಉಳಿದಿದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ನಳಿಗೆಗೆ ಗರಗಸ ಹಾಕಲು ಅಲ್ಲ. ಮೂತಿ ಸೀಳಿದೆ, ತುದಿ ಉಬ್ಬಿದೆ ಎಂದು ಎರಡು ಇಂಚು ಕತ್ತರಿಸಿಕೊಂಡ ಹಳೆಯ ಕೋವಿಗಳು ಮಲೆನಾಡಿನ ಮನೆಗಳಲ್ಲಿ ಈಗಲೂ ಸಿಗುತ್ತವೆ. ಅಂಥದ್ದು ಅಜ್ಜನ ಹೆಸರಿನಿಂದ ಮೊಮ್ಮಗನ ಹೆಸರಿಗೆ ವರ್ಗವಾಗುವ ಮೊದಲು ಸರಿಯಾಗಿ ಅಳೆದಿರಬೇಕು. ಹಳೆಯ ಕಾಗದದಲ್ಲಿ ಒಂದು ಉದ್ದ, ಕೈಯಲ್ಲಿರುವ ಕೋವಿಗೆ ಇನ್ನೊಂದು ಉದ್ದ ಎಂದಾದರೆ ಉತ್ತರ ಹೇಳಬೇಕಾದವನು ಮೊಮ್ಮಗ.

ಕೋಲು ಮಾಡುವುದು

12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ಫುಲ್ ಚೋಕ್ ಇದ್ದರೆ ಮೂತಿಯ ಬಳಿ ಇನ್ನೊಂದು ಮಿ.ಮೀ. ಕಿರಿದಾಗುತ್ತದೆ. ಅದಕ್ಕೆ 16 ಮಿ.ಮೀ. ದಪ್ಪದ ಕೋಲು ಸರಿ: ಚೋಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಒಳಗೆ ತೀರಾ ಅಡ್ಡಾದಿಡ್ಡಿ ಓಲಾಡುವುದೂ ಇಲ್ಲ. ಉದ್ದ 1 ಮೀಟರ್ ಇರಲಿ. ಮೂತಿಯಿಂದ ಮದ್ದು ತುಂಬಿ ಕೇಪಿನಿಂದ ಸಿಡಿಸುವ ಕೇಪಿನ ಕೋವಿಗಳ ನಳಿಗೆ ಉದ್ದ, 80 ಸೆಂ.ಮೀ. ಕೋಲು ಅಲ್ಲಿ ಮುಳುಗಿಹೋಗುತ್ತದೆ. 8 ಮಿ.ಮೀ. ಆಸುಪಾಸಿನ ರೈಫಲ್‌ಗಳಿಗೆ 6 ಮಿ.ಮೀ. ಕಡ್ಡಿ, .22ಕ್ಕೆ 4 ಮಿ.ಮೀ. ಕಡ್ಡಿ ಬೇಕು.

ವಸ್ತು ಯಾವುದು ಎಂಬುದು ಮುಖ್ಯ. ಉಕ್ಕಿನ ಸರಳು ಬೇಡವೇ ಬೇಡ. ಅದು ಮೂತಿಯ ಒಳ ಅಂಚಿಗೆ ಒಮ್ಮೆ ಉಜ್ಜಿದರೂ ಗೀರು ಬೀಳುತ್ತದೆ, ರೈಫಲ್ಲಿನ ಗುರಿ ಕೆಡುವುದು ಆ ಅಂಚಿನಿಂದಲೇ. ತೆಳ್ಳನೆಯವಕ್ಕೆ ಹಿತ್ತಾಳೆ ಕಡ್ಡಿ, ದಪ್ಪದ್ದಕ್ಕೆ ನೈಲಾನ್ ರಾಡ್ ಅಥವಾ ನೇರ ಎಳೆಯ ತೇಗ. ಬಿದಿರು ಹಗುರ, ಆದರೆ ಗಿಣ್ಣಿನ ಬಳಿ ಸೊಟ್ಟ. ಮರದ ಕೋಲು ಮಳೆಗಾಲದಲ್ಲಿ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಡ್ಡಕ್ಕೆ ಊದುತ್ತದೆ. ಜೂನ್‌ನಲ್ಲಿ ಹದವಾಗಿ ಇಳಿದ ಕೋಲು ಜುಲೈನಲ್ಲಿ ನಳಿಗೆಯೊಳಗೆ ಬಿಗಿದು ಕೂತರೆ ತೆಗೆಯುವುದು ಕಷ್ಟ. ಮರವೇ ಆದರೆ ಎರಡು ಕೈ ಅಗಸೆ ಎಣ್ಣೆ ಹಚ್ಚಿ ಒಣಗಿಸಿ, ಅರ್ಧ ಮಿ.ಮೀ. ಹೆಚ್ಚಿಗೆ ಸವರಿ ಇಡಬೇಕು.

ಕೋಲಿನ ಕೆಳತುದಿ ಓರೆಯಿಲ್ಲದೆ, ಉದ್ದಕ್ಕೆ ಸರಿಯಾಗಿ ಲಂಬವಾಗಿ ಕಡಿದಿರಬೇಕು. ಲೇತ್ ಇದ್ದರೆ ಒಂದು ನಿಮಿಷದ ಕೆಲಸ. ಇಲ್ಲದಿದ್ದರೆ ಬಡಗಿಯ ಮೈಟರ್ ಬಾಕ್ಸಿನಲ್ಲಿ ಕತ್ತರಿಸಿ, ಗಾಜಿನ ಮೇಲೆ 220 ನಂಬರಿನ ಮರಳು ಕಾಗದ ಹಾಸಿ, ಕೋಲನ್ನು ಮೂಲೆಮಟ್ಟದ ಮರದ ತುಂಡಿಗೆ ಒತ್ತಿ ಹಿಡಿದು ಉಜ್ಜಬೇಕು. ಪರೀಕ್ಷೆ ಸುಲಭ. ಕೋಲನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ತಿರುಗಿಸಿ, ಮೇಲಿನ ತುದಿ ಎಷ್ಟು ವಾಲುತ್ತದೆ ನೋಡಿ. 16 ಮಿ.ಮೀ. ಅಗಲದ ತುದಿಯಲ್ಲಿ ಬರೀ 0.2 ಮಿ.ಮೀ. ಓರೆ ಇದ್ದರೆ 900 ಮಿ.ಮೀ. ಎತ್ತರದಲ್ಲಿ 11 ಮಿ.ಮೀ. ವಾಲಿಕೆ ಕಾಣುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಇಷ್ಟು ದೊಡ್ಡದಾಗಿ ತೋರಿಸುವ ಉಪಕರಣ ಬೇರೆ ಹುಡುಕುವುದು ಬೇಡ.

ಇನ್ನು ಕಾಲರ್. ಬರೀ ಕೋಲಿಗೆ ಮೂತಿಯ ಮಟ್ಟದಲ್ಲಿ ಪೆನ್ಸಿಲ್ ಗೀರು ಹಾಕುವುದು ಎಲ್ಲರೂ ಮಾಡುವ ರೀತಿ. ಅದರಲ್ಲಿ ಗೀರಿನ ದಪ್ಪ, ಕಣ್ಣಿನ ಓರೆ ಸೇರಿ ಒಂದೂವರೆ ಮಿ.ಮೀ. ವ್ಯತ್ಯಾಸ ಬರುವುದು ಸಾಮಾನ್ಯ. ಬದಲಿಗೆ 10 ಮಿ.ಮೀ. ದಪ್ಪದ ನೈಲಾನ್ ಬುಷ್ (ಬಳೆ) ಒಂದನ್ನು ಕಾಲರ್ ಆಗಿ ಕೋಲಿಗೆ ತೊಡಿಸಬೇಕು. ಒಳ ತೂತು 16.2 ಮಿ.ಮೀ., ಹೊರ ಅಗಲ 35 ಮಿ.ಮೀ., ಪಕ್ಕದಿಂದ ಒಂದು ಎಂ4 ಗ್ರಬ್ ಸ್ಕ್ರೂ. ತೂತು ಸಡಿಲವಾದರೆ ಸ್ಕ್ರೂ ಬಿಗಿಯುವಾಗ ಬುಷ್ ವಾಲುತ್ತದೆ, ಕಾಲರ್ ಹಾಕಿದ ಉದ್ದೇಶವೇ ಕೆಡುತ್ತದೆ. ಕೋಲು ತಳ ಮುಟ್ಟಿದ ಮೇಲೆ ಬುಷ್ ಅನ್ನು ಮೂತಿಯ ಮೇಲೆ ಕೂರಿಸಿ ಸ್ಕ್ರೂ ಬಿಗಿದು ಹೊರಗೆ ಎಳೆದರೆ, ಕೋಲಿನ ತುದಿಯಿಂದ ಬುಷ್‌ನ ಕೆಳಮುಖದವರೆಗಿನ ದೂರವೇ ನಳಿಗೆಯ ಉದ್ದ. ಕೆಲವು ರೈಫಲ್‌ಗಳಲ್ಲಿ ಮೂತಿಯ ಒಳ ಅಂಚನ್ನು ಒಂದೆರಡು ಮಿ.ಮೀ. ಒಳಗೆ ತಗ್ಗಿಸಿರುತ್ತಾರೆ. ಬೆರಳಿಗೆ ಆ ತಗ್ಗಿನ ಅಂಚು ಸಿಕ್ಕಿ ಉದ್ದ ಕಡಿಮೆ ಬರುತ್ತದೆ. ಅಗಲದ ಬುಷ್ ಹೊರ ಅಂಚಿನ ಮೇಲೆಯೇ ಕೂರುವುದರಿಂದ ಆ ಗೊಂದಲ ಇಲ್ಲ.

ಮೊದಲು ಖಾಲಿ ಮಾಡುವುದು

ಅಳತೆಯ ಮೇಜಿನ ಕೋಣೆಯಲ್ಲಿ ತೋಟಾ ಇರಕೂಡದು. ಕೋವಿಯನ್ನು ಮಡಚಿ ಅಥವಾ ಬೋಲ್ಟ್ ಎಳೆದು, ಚೇಂಬರಿನಲ್ಲಿ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ, ಮ್ಯಾಗಜಿನ್ ಇದ್ದರೆ ಬಿಚ್ಚಿ ಪಕ್ಕಕ್ಕಿಟ್ಟು, ಇನ್ನೊಬ್ಬರಿಂದಲೂ ಒಮ್ಮೆ ನೋಡಿಸಿ, ಆಮೇಲೆ ಮುಚ್ಚಬೇಕು. ಈ ಕೆಲಸದಲ್ಲಿ ಕೈ ಮೂತಿಯ ಎದುರಿಗೇ ಇರುತ್ತದೆ. ಆದ್ದರಿಂದ ಈ ಮಾತಿಗೆ ರಿಯಾಯಿತಿ ಇಲ್ಲ.

ಮೊದಲ ಅಳತೆ: ಜೋಡು ನಳಿಗೆ, 12 ಬೋರ್

ಮಡಚಿ ಮುಚ್ಚುವ ಹ್ಯಾಮರ್‌ಲೆಸ್ ಕೋವಿ. ಮಡಚಿದಾಗ ಒಳಗೆ ಅಡಗಿರುವ ಕುದುರೆಗಳು (ಸೂಜಿಗೆ ಬಡಿಯುವ ಸುತ್ತಿಗೆಗಳು) ತಾವಾಗಿ ಏರುತ್ತವೆ, ಹಾಗಾಗಿ ಮುಚ್ಚಿದ ಮೇಲೆ ಸೂಜಿಗಳು (ಫೈರಿಂಗ್ ಪಿನ್) ಹಿಂದೆ ಸರಿದಿರುತ್ತವೆ. ಇದು ಬೇಕು. ಟ್ರಿಗರ್ ಎಳೆದು ಕುದುರೆ ಬೀಳಿಸಿಟ್ಟರೆ ಸೂಜಿಯ ಮೊನೆ ಬ್ರೀಚ್ ಮುಖದಿಂದ ಒಂದು ಮಿ.ಮೀ.ಗೂ ಹೆಚ್ಚು ಮುಂದೆ ಚಾಚಿರುತ್ತದೆ. ಕೋಲು ಸೂಜಿಗೆ ತಾಗಿ ನಿಲ್ಲುತ್ತದೆ, ಮುಖಕ್ಕಲ್ಲ. ನೈಲಾನ್ ಕೋಲಿನ ತುದಿಯಲ್ಲಿ ಚುಕ್ಕಿಯಂಥ ಗುಳಿ ಬಿದ್ದಿದ್ದರೆ ಇದೇ ಆಗಿದೆ ಎಂದು ಅರ್ಥ.

ಕೋವಿಯನ್ನು ಮೂತಿ ಮೇಲಾಗಿ ನಿಲ್ಲಿಸಿ, ಬಟ್ಟಿನ ಕೆಳಗೆ ಗೋಣಿತಾಟು ಮಡಚಿ ಹಾಕಿ, ಕೋಲನ್ನು ಜಾರಲು ಬಿಡದೆ ಕೈಯಲ್ಲೇ ಇಳಿಸಬೇಕು. ತಳ ಸಿಕ್ಕ ಶಬ್ದ ಗಟ್ಟಿಯಾಗಿ 'ಟಕ್' ಎಂದರೆ ಲೋಹದ ಮುಖ. ಮೆತ್ತಗೆ ಕೇಳಿದರೆ ಮಡ್ಡಿ, ಬಟ್ಟೆಯ ಚೂರು, ಕಣಜದ ಮಣ್ಣಿನ ಗೂಡು ಏನೋ ಇದೆ. ನಳಿಗೆ ತೊಳೆದು ಮತ್ತೆ ಇಳಿಸಿ.

ಬಲ ನಳಿಗೆಯಲ್ಲಿ ಮೂರು ಸಲ: 711, 711, 710.5. ಎಡ ನಳಿಗೆಯಲ್ಲಿ ಮೊದಲು 711, ಆಮೇಲೆ 710, ಮತ್ತೆ 711. ಅರ್ಧ ಮಿ.ಮೀ.ಗಿಂತ ಹೆಚ್ಚು ಏರುಪೇರು ಬಂದರೆ ಆ ಸರಣಿ ಬಿಟ್ಟು ಹೊಸದಾಗಿ ಮಾಡುವುದು ನಿಯಮ. ಎಡದ್ದರಲ್ಲಿ ತಪ್ಪಿಗೆ ಕಾರಣ ಬುಷ್. ಜೋಡು ನಳಿಗೆಯಲ್ಲಿ 35 ಮಿ.ಮೀ. ಬುಷ್ ಎರಡೂ ಮೂತಿಗಳ ಮೇಲೆ ಕೂರುತ್ತದೆ. ನಡುವಿನ ಪಟ್ಟಿಯ ಬೆಸುಗೆ ಸ್ವಲ್ಪ ಉಬ್ಬಿದ್ದರೆ ಅದರ ಮೇಲೆ ಓಲಾಡುತ್ತದೆ. ಹೊರ ಅಗಲ 22 ಮಿ.ಮೀ. ಇರುವ ಚಿಕ್ಕ ಬುಷ್ ಹಾಕಿದ ಮೇಲೆ 711, 711, 711. ಇದು 28 ಇಂಚಿನ ನಳಿಗೆ. 28 ಇಂಚು ಅಂದರೆ 711.2.

ಉದ್ದ ಇದ್ದಕ್ಕಿದ್ದಂತೆ ಚೇಂಬರಿನ ಉದ್ದಕ್ಕೆ ಹತ್ತಿರದಷ್ಟು ಕಡಿಮೆ ಬಂದರೆ ಕೋವಿ ಗಿಡ್ಡವಾಗಿಲ್ಲ, ಚೇಂಬರಿನಲ್ಲಿ ಏನೋ ಕೂತಿದೆ. 12 ಬೋರಿನ ಚೇಂಬರ್‌ಗಳು ಸಾಮಾನ್ಯವಾಗಿ 65 ಇಲ್ಲವೇ 70 ಮಿ.ಮೀ. ಉದ್ದ. ಸೂಜಿ ಕಾಪಾಡಲು ಹಾಕಿಟ್ಟ ಸ್ನ್ಯಾಪ್ ಕ್ಯಾಪ್ (ಹುಸಿ ತೋಟಾ) ಆಗಿರಬಹುದು, ತೋಟಾವೂ ಆಗಿರಬಹುದು. ಕೋಲು ಹೊರಗೆ ತೆಗೆದು, ಕೋವಿ ಮಡಚಿ ನೋಡಿ.

ಈ ಜಾತಿಯ ಕೋವಿಗೆ ಒಂದು ಅನುಕೂಲ ಇದೆ. ನಳಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹಿಂಬದಿಯ ಚಪ್ಪಟೆ ಮುಖದಿಂದ ಮೂತಿಯವರೆಗೆ ಉಕ್ಕಿನ ಪಟ್ಟಿಯಲ್ಲಿ ಅಳೆದರೂ ಅದೇ ಉತ್ತರ ಬರುತ್ತದೆ, ಏಕೆಂದರೆ ಮುಚ್ಚಿದಾಗ ಆ ಎರಡು ಮುಖಗಳ ನಡುವೆ ಕಾಗದ ತೂರುವಷ್ಟೂ ಜಾಗ ಇರುವುದಿಲ್ಲ. ಕೋಲಿನ ಅಳತೆಗೂ ಇದಕ್ಕೂ 1 ಮಿ.ಮೀ. ಮೀರಿ ವ್ಯತ್ಯಾಸ ಬಂದರೆ ಕೀಲು ಸವೆದು ಕೋವಿ ಸಡಿಲವಾಗಿದೆ. ಅದು ಅಳತೆಗಿಂತ ದೊಡ್ಡ ವಿಷಯ. ರಿಪೇರಿ ಆಗುವವರೆಗೆ ಆ ಕೋವಿಯಲ್ಲಿ ಈಡು ಹೊಡೆಯಬಾರದು.

ಎರಡನೆಯದು: ಕೇಪಿನ ಕೋವಿ

ಇಲ್ಲಿ ಬ್ರೀಚ್ ತೆರೆಯುವುದಿಲ್ಲ, ಚೇಂಬರಿನಲ್ಲಿ ಬೆರಳಿಟ್ಟು ನೋಡುವಂತಿಲ್ಲ. ಅಟ್ಟದಿಂದ ಇಳಿಸಿದ ಕೇಪಿನ ಕೋವಿಯಲ್ಲಿ ಈಡು ತುಂಬಿಯೇ ಇದೆ ಎಂದು ನಂಬಿಕೊಂಡು ಕೈ ಹಾಕಬೇಕು. ಕಪ್ಪು ಮದ್ದಿಗೆ ಮುಪ್ಪಿಲ್ಲ; ಒಣಗಿದ ಜಾಗದಲ್ಲಿದ್ದರೆ ನೂರು ವರ್ಷ ಕಳೆದರೂ ಕಿಡಿ ಸೋಕಿದರೆ ಉರಿಯುತ್ತದೆ. ನಳಿಗೆಯೊಳಗೆ ಊದಿ ನೋಡುವುದು, ದೀಪ ಹಿಡಿದು ಬಗ್ಗಿ ನೋಡುವುದು ಮಾಡಲೇಬಾರದು.

ಅಳೆಯುವ ಕೋಲೇ ಇದಕ್ಕೂ ಪರೀಕ್ಷೆ. ಮೊದಲು ನಿಪ್ಪಲ್ (ಕೇಪು ಕೂರುವ ಮೊಳೆ) ಮೇಲೆ ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ಕುದುರೆಯ ಬಾಯಿಗೂ ನಿಪ್ಪಲ್‌ಗೂ ನಡುವೆ ದಪ್ಪ ಚರ್ಮದ ತುಂಡು ಇಡಿ. ಕೋವಿಯನ್ನು ಮಲಗಿಸಿ, ಮೂತಿಯ ಎದುರು ನಿಲ್ಲದೆ ಪಕ್ಕದಿಂದ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ನಿಂತ ಕಡೆ ಕಾಲರ್ ಬಿಗಿದು ಹೊರಗೆ ತೆಗೆಯಿರಿ. ಅದೇ ಕೋಲನ್ನು ನಳಿಗೆಯ ಹೊರಮೈಗೆ ಒತ್ತಿ, ಬುಷ್ ಮೂತಿಯ ಮಟ್ಟಕ್ಕೆ ಬರುವಂತೆ ಹಿಡಿದು ನೋಡಿ: ಕೋಲಿನ ತುದಿ ಎಲ್ಲಿಗೆ ಬಂತು? ನಿಪ್ಪಲ್ ಕೂತಿರುವ ಜಾಗದವರೆಗೆ ಬಂದರೆ ನಳಿಗೆ ಖಾಲಿ. ಎರಡು, ಮೂರು, ನಾಲ್ಕು ಬೆರಳಿನಷ್ಟು ಮೊದಲೇ, ಮೂತಿಯ ಕಡೆಗೆ ನಿಂತರೆ ಒಳಗೆ ಮದ್ದು, ಚಿಂದಿ, ಚರೆ ಕೂತಿವೆ.

ಈಡಿದ್ದರೆ ಅಳತೆ ಅಲ್ಲಿಗೆ ನಿಲ್ಲಬೇಕು. ಗಜದಿಂದ (ಮದ್ದು ತುಂಬುವ ಕೋಲಿನಿಂದ) ಕುಟ್ಟುವುದು, ಡ್ರಿಲ್ ಹಾಕುವುದು, ನಳಿಗೆ ಕಾಯಿಸುವುದು, ಕೇಪು ಹಾಕಿ ಹೊಡೆದುಬಿಡುವುದು, ಇವುಗಳಲ್ಲಿ ಯಾವುದೂ ಬೇಡ. ಕೊನೆಯದು ಎಲ್ಲಕ್ಕಿಂತ ಅಪಾಯ: ತುಕ್ಕು ತಿಂದ ನಳಿಗೆಯೊಳಗೆ ಈಡು ಕಚ್ಚಿಕೊಂಡಿದ್ದರೆ ಬುಡವೇ ಒಡೆದು ಮುಖಕ್ಕೆ ಬರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿ ಅದನ್ನು ಕಿತ್ತು ತೆಗೆಯುವ ತಿರುಪು ಇರುತ್ತದೆ. ಫೋನಿನಲ್ಲಿ ಮೊದಲೇ ತಿಳಿಸಿ, ಅವರು ಹೇಳಿದಂತೆ ಸಾಗಿಸಬೇಕು.

ಮೇಜಿನ ಮೇಲಿದ್ದದ್ದು ಖಾಲಿ. ಒಳಗಿನ ಆಳ 902 ಮಿ.ಮೀ. ಹೊರಗೆ, ಮೂತಿಯಿಂದ ನಳಿಗೆಯ ಹಿಂಬದಿಯ ತುದಿಯವರೆಗೆ 919. ನಡುವಿನ 17 ಮಿ.ಮೀ. ಬುಡಕ್ಕೆ ತಿರುಪಿ ಕೂರಿಸಿದ ಬಿರಡೆಯದು. ಅದರಿಂದಾಚೆ ಮರದ ಮೇಲೆ ಚಾಚಿಕೊಂಡ ಬಾಲವನ್ನೂ ಸೇರಿಸಿ ಅಳೆದರೆ ಇನ್ನೂ ಹೆಚ್ಚು ಬರುತ್ತದೆ. ಹಳೆಯ ಕಾಗದಗಳಲ್ಲಿ ನಳಿಗೆಯ ಉದ್ದ ಕೋವಿಗಿಂತ ಎರಡು ಮೂರು ಇಂಚು ಜಾಸ್ತಿ ಕಂಡರೆ, ಯಾರೋ ಬಾಲದ ಸಮೇತ ಅಳೆದಿದ್ದಾರೆಯೇ ಎಂದು ಮೊದಲು ನೋಡಬೇಕು. ಬರೆಯಬೇಕಾದದ್ದು 902, ಈಡು ಒರಗುವ ಮುಖ ಅಲ್ಲೇ ಇರುವುದು. 919ನ್ನು 'ಬಿರಡೆ ಸೇರಿ' ಎಂದು ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟರೆ ಮುಂದೆ ಅಳೆಯುವವರಿಗೆ ಗೊಂದಲ ಇರುವುದಿಲ್ಲ.

ರೈಫಲ್, ಪಂಪ್ ಆ್ಯಕ್ಷನ್, ರಿವಾಲ್ವರ್

.315 ಸ್ಪೋರ್ಟಿಂಗ್ ರೈಫಲ್‌ನಂಥ ಬೋಲ್ಟ್ ರೈಫಲ್‌ಗಳಲ್ಲಿ ಬೋಲ್ಟನ್ನು ಪೂರ್ತಿ ಮುಚ್ಚಿ, ಹಿಡಿ ಕೆಳಗೆ ಬಿದ್ದಿರಬೇಕು, ಕಾಕ್ ಆಗಿಯೇ ಇರಬೇಕು. ಕಾಕ್ ಇಳಿಸಿದ್ದರೆ ಫೈರಿಂಗ್ ಪಿನ್ ಒಂದೂವರೆ ಮಿ.ಮೀ. ಹತ್ತಿರ ಮುಂದೆ ಚಾಚಿರುತ್ತದೆ, ತೆಳ್ಳನೆಯ ಕಡ್ಡಿ ನೇರವಾಗಿ ಅದರ ಮೇಲೆಯೇ ಇಳಿಯುತ್ತದೆ. ಇನ್ನೊಂದು ಬೋಲ್ಟಿನ ಮುಖದಲ್ಲೇ ಸ್ಪ್ರಿಂಗ್ ಇರುವ ಇಜೆಕ್ಟರ್ ಗುಂಡಿ, ಖಾಲಿ ತೋಟಾ ಹೊರಗೆ ಎಸೆಯುವುದು ಅದೇ. ರೆಮಿಂಗ್ಟನ್ 700ರಂಥ ರೈಫಲ್‌ಗಳಲ್ಲಿ ಇದು ಇದೆ. ಕಡ್ಡಿ ಆ ಗುಂಡಿಗೆ ತಾಗಿ ಮೇಲಕ್ಕೆ ಪುಟಿಯುತ್ತದೆ. ಕೈಯಲ್ಲಿ ಒತ್ತಿದಾಗ ಕಡ್ಡಿ ಕೆಳಗಿಳಿದು ಬಿಟ್ಟಾಗ ಏರಿದರೆ ಇದೇ ಕಾರಣ. ಗಟ್ಟಿಯಾಗಿ ನಿಲ್ಲುವವರೆಗೆ ಒತ್ತಿ ಹಿಡಿದೇ ಕಾಲರ್ ಬಿಗಿಯಬೇಕು.

ಪಂಪ್ ಆ್ಯಕ್ಷನ್ ಮತ್ತು ಸೆಮಿ ಆಟೊ ಶಾಟ್‌ಗನ್‌ಗಳಲ್ಲಿ ನಳಿಗೆಯನ್ನು ಬಿಚ್ಚಿ ಅಳೆಯಬೇಡಿ. ಅದರ ಹಿಂಬದಿಯಲ್ಲಿ ಬೋಲ್ಟ್ ಬೀಗ ಬೀಳುವ ಕಿಂಡಿ ಇರುವ ಒಂದು ಚಾಚು ಇದೆ. ಬೋಲ್ಟ್ ಮುಖ ಆ ಚಾಚಿನ ಒಳಗೆ ಮುಂದೆ ಬಂದು ನಿಲ್ಲುತ್ತದೆ. ಬಿಚ್ಚಿ ಅಳೆದರೆ ಒಂದು ಇಂಚಿಗೂ ಹೆಚ್ಚು ಜಾಸ್ತಿ ತೋರಿಸುವುದುಂಟು. 20 ಇಂಚಿನ ಗಡಿಯ ಆಸುಪಾಸಿನ ಕೋವಿಗೆ ಈ ಒಂದು ಇಂಚು ಸಣ್ಣದಲ್ಲ. ಜೋಡಿಸಿ, ಬೋಲ್ಟ್ ಪೂರ್ತಿ ಮುಂದೆ ತಳ್ಳಿ, ಮೂತಿಯಿಂದಲೇ ಕೋಲು ಇಳಿಸಬೇಕು.

ಪಿಸ್ತೂಲಿಗೂ ಇದೇ ವಿಧಾನ, ಸ್ಲೈಡ್ ಮುಚ್ಚಿರಬೇಕು ಅಷ್ಟೆ. ರಿವಾಲ್ವರ್ ಮಾತ್ರ ಬೇರೆ. ಅಲ್ಲಿ ತೋಟಾ ಕೂರುವುದು ಸಿಲಿಂಡರಿನಲ್ಲಿ, ಅದು ನಳಿಗೆಯ ಭಾಗವಲ್ಲ. ಮೂತಿಯಿಂದ ಕಡ್ಡಿ ಬಿಟ್ಟರೆ ಅದು ಚೇಂಬರ್ ದಾಟಿ ಹಿಂದಿನ ಫ್ರೇಮಿಗೆ ತಾಗುತ್ತದೆ, ಸಿಲಿಂಡರಿನ ಇಡೀ ಉದ್ದ ಲೆಕ್ಕಕ್ಕೆ ಸೇರುತ್ತದೆ. .32 ರಿವಾಲ್ವರ್‌ನಂಥ ಮೇಲಿಂದ ಮಡಚುವ ಜಾತಿಯಲ್ಲಿ ಹೀಗೆ ಮಾಡಿ: ತೆರೆದು ಖಾಲಿ ಮಾಡಿ, ತೆರೆದಿರುವಾಗಲೇ ಸಿಲಿಂಡರನ್ನು ತಿರುಗಿಸಿ ಎರಡು ತೂತುಗಳ ನಡುವಿನ ಗೋಡೆ ನಳಿಗೆಯ ಎದುರು ಬರುವಂತೆ ನಿಲ್ಲಿಸಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಗೆ 0.1 ಮಿ.ಮೀ. ಫೀಲರ್ ಗೇಜ್ ಎಲೆ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ. ಮೂತಿಯಿಂದ ಬಿಟ್ಟ ಕಡ್ಡಿ ಆ ಎಲೆಗೆ ತಾಗಿ ನಿಲ್ಲುವ ದೂರವೇ ನಳಿಗೆ. ತೂತು ಎದುರಿದ್ದರೆ ಎಲೆ ಒಳಕ್ಕೆ ಬಾಗಿ ಅಳತೆ ಕೆಡುತ್ತದೆ, ಅದಕ್ಕೇ ಗೋಡೆ.

ತಿರುಪಿ ತೆಗೆಯಬಹುದಾದದ್ದು ಯಾವುದೂ ನಳಿಗೆಯಲ್ಲ. ಮೂತಿಗೆ ಹಾಕುವ ಬ್ರೇಕ್, ಹೊರಗೆ ಚಾಚುವ ಚೋಕ್ ಟ್ಯೂಬ್ ಎಲ್ಲವನ್ನೂ ತೆಗೆದಿಟ್ಟೇ ಅಳೆಯಿರಿ. ಅಮೆರಿಕದಲ್ಲಿ ನೆಲೆಸಿ ರೈಫಲ್ ಕೊಳ್ಳುವ ಕನ್ನಡಿಗರು ಇದನ್ನು ತಿಳಿದಿರಲೇಬೇಕು. ಅಲ್ಲಿನ ಫೆಡರಲ್ ಕಾನೂನಿನಲ್ಲಿ ರೈಫಲ್‌ಗೆ 16 ಇಂಚು, ಶಾಟ್‌ಗನ್‌ಗೆ 18 ಇಂಚು ಗಡಿ. ಮುಚ್ಚಿದ ಬೋಲ್ಟಿನ ಮುಖದಿಂದ ಕೋಲು ಇಳಿಸಿಯೇ ಅಳೆಯುತ್ತಾರೆ. ಮೂತಿಯ ಸಾಧನ ಲೆಕ್ಕಕ್ಕೆ ಬರಬೇಕಾದರೆ ಅದನ್ನು ಸುತ್ತ ವೆಲ್ಡ್ ಮಾಡಿರಬೇಕು, ಅಥವಾ ಪಿನ್ ಹೊಡೆದು ಪಿನ್ನಿನ ತಲೆಗೆ ವೆಲ್ಡ್ ಹಾಕಿರಬೇಕು, ಅಥವಾ ಹೆಚ್ಚು ಶಾಖದ ಬೆಳ್ಳಿ ಬೆಸುಗೆ ಇರಬೇಕು. ಬ್ರಿಟನ್ನಿನ 1968ರ ಬಂದೂಕು ಕಾಯ್ದೆ ಮೂತಿಯಿಂದ, ಸಿಡಿಯುವಾಗ ಮದ್ದು ಸ್ಫೋಟಗೊಳ್ಳುವ ಬಿಂದುವಿನವರೆಗೆ ಅಳೆಯಬೇಕು ಎನ್ನುತ್ತದೆ. ಶಾಟ್‌ಗನ್‌ಗೆ ಗಡಿ 24 ಇಂಚು. ಒಂದು ದೇಶದ ಕಾಗದದಲ್ಲಿ ಬರೆದ ಉದ್ದವನ್ನು ಇನ್ನೊಂದು ದೇಶದ ಕಾಗದಕ್ಕೆ ಹಾಗೇ ನಕಲು ಮಾಡದೆ ಮತ್ತೆ ಅಳೆಯುವುದೇ ಒಳ್ಳೆಯದು.

ಟೇಪು ಮತ್ತು ಬರವಣಿಗೆ

ಕೋಲನ್ನು ಅಳೆಯಲು 1 ಮೀಟರಿನ ಉಕ್ಕಿನ ಪಟ್ಟಿ ಬಳಸಿ. ಟೇಪೇ ಇರುವುದಾದರೆ ಅದರ ತುದಿಯ ಕೊಕ್ಕೆಯನ್ನು ನಂಬಬೇಡಿ. ಕೊಕ್ಕೆ ತನ್ನ ದಪ್ಪದಷ್ಟು ಆಚೀಚೆ ಸರಿಯುವಂತೆ ಬೇಕೆಂದೇ ಸಡಿಲ ಮಾಡಿರುತ್ತಾರೆ, ನಾಲ್ಕು ಸಲ ಕೆಳಗೆ ಬಿದ್ದ ಟೇಪಿನಲ್ಲಿ ಅದು ಬಾಗಿಯೂ ಇರುತ್ತದೆ. ಕೋಲಿನ ತುದಿಯನ್ನು 10 ಸೆಂ.ಮೀ. ಗೀರಿಗೆ ಹಿಡಿದು, ಕೊನೆಗೆ 100 ಮಿ.ಮೀ. ಕಳೆಯಿರಿ. ಕಳೆಯಲು ಮರೆತರೆ ನಾಲ್ಕು ಇಂಚು ತಪ್ಪುತ್ತದೆ, ಆದ್ದರಿಂದ ಓದಿದ ಅಂಕಿಯನ್ನೂ ಕಳೆದ ಅಂಕಿಯನ್ನೂ ಎರಡನ್ನೂ ಬರೆದಿಡಿ. ಬಿಸಿಲು, ಚಳಿಯ ಲೆಕ್ಕ ಬೇಡ: 700 ಮಿ.ಮೀ. ಉಕ್ಕು 10 ಡಿಗ್ರಿ ಏರಿದರೆ ಬೆಳೆಯುವುದು 0.1 ಮಿ.ಮೀ.ಗಿಂತ ಕಡಿಮೆ. ಕೋಲು ನಳಿಗೆಯೊಳಗೆ ಸ್ವಲ್ಪ ಓರೆಯಾಗಿ ನಿಂತರೂ ಅಷ್ಟೇ ಕಡಿಮೆ. ಕೋಲು ಬಿಲ್ಲಿನಂತೆ ಬಾಗಿದ್ದರೆ ಮಾತ್ರ ಬೇರೆ ಕೋಲು ಮಾಡಬೇಕು.

ಮೂತಿಯನ್ನು ಅರದಿಂದ ಉಜ್ಜಿ ಓರೆಯಾಗಿಸಿದ್ದರೆ ಚಿಕ್ಕ ಬುಷ್ ಬಿಚ್ಚಿ, ಒಂದು ಸಣ್ಣ ಉಕ್ಕಿನ ಪಟ್ಟಿಯ ಅಂಚನ್ನು ನಾಲ್ಕು ದಿಕ್ಕಿನಲ್ಲೂ ತಾಗಿಸಿ ನಾಲ್ಕು ಅಳತೆ ತೆಗೆದು, ನಾಲ್ಕನ್ನೂ ಬರೆಯಿರಿ. ಗಡಿಯ ಹತ್ತಿರದ ಕೋವಿಯಲ್ಲಿ ಅತಿ ಕಡಿಮೆಯದನ್ನೇ ಆಧಾರ ಮಾಡಿಕೊಳ್ಳುವುದು ಕ್ಷೇಮ. ದಾಖಲೆಯಲ್ಲಿ ಉದ್ದವನ್ನು ಮೊದಲು ಮಿ.ಮೀ.ಯಲ್ಲಿ, ಪಕ್ಕದಲ್ಲಿ ಇಂಚಿನಲ್ಲಿ ಬರೆಯಬೇಕು. ಜೊತೆಗೆ ಕೋವಿಯ ನಂಬರು, ಅಳೆದ ದಿನ, 'ಮುಚ್ಚಿದ ಬ್ರೀಚ್ ಮುಖದಿಂದ ಮೂತಿಯವರೆಗೆ' ಎಂಬ ಒಂದು ಸಾಲು. ಈ ಸಾಲಿಲ್ಲದ ಅಂಕಿ ಹತ್ತು ವರ್ಷದ ಮೇಲೆ ಯಾರಿಗೂ ಏನನ್ನೂ ಹೇಳುವುದಿಲ್ಲ.

ಕೊಡಗಿನ ಮನೆಗಳಲ್ಲಿ ಈ ಕೆಲಸಕ್ಕೆ ಕೈಲ್‌ಪೊಳ್ದ್ (ಕೊಡವರು ಆಯುಧ ಪೂಜಿಸುವ ಹಬ್ಬ) ಹಿಂದಿನ ವಾರ ಅನುಕೂಲ. ಕೋವಿಗಳನ್ನೆಲ್ಲ ಹೇಗೂ ಇಳಿಸಿ ಒರೆಸಿ ಎಣ್ಣೆ ಹಾಕುತ್ತಾರೆ. ಮೂತಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಮೊದಲು ಕೋಲು ಇಳಿಸಿ ಅಳೆದು, ಪೂಜೆ ಮುಗಿದ ಸಂಜೆ ಹೂವಿನ ತೊಟ್ಟು ಒಳಗೆ ಮುರಿದು ಉಳಿದಿಲ್ಲವೆಂದು ಅದೇ ಕೋಲಿನಲ್ಲಿ ಇನ್ನೊಮ್ಮೆ ನೋಡಿ: ಕಾಲರ್ ಅದೇ ಗುರುತಿಗೆ ಬಂದರೆ ನಳಿಗೆ ಚೊಕ್ಕ. ಆಮೇಲೆ ಕೋಲಿನ ತುದಿಗೆ ಹತ್ತಿದ ಎಣ್ಣೆ ಒರೆಸಿ, ಸ್ಕ್ರೂ ಸಡಿಲಿಸಿ, ಮೊಳೆಗೆ ನೇರವಾಗಿ ತೂಗುಹಾಕಬೇಕು. ಗೋಡೆಗೆ ಒರಗಿಸಿಟ್ಟ ಕೋಲು ಮುಂದಿನ ವರ್ಷಕ್ಕೆ ಬಾಗಿರುತ್ತದೆ.